ಅಡಿಕೆ ಅಂಗಳದಲ್ಲಿ ಲಾರಿಯ ಮುಂದಿನ ಆಕ್ಸಲ್ ಬಿಚ್ಚಿದ ದಿನಗಳು

ನಮ್ಮ ಗಾಡಿ ಟಾಟಾ 407. ಊರಿನಲ್ಲಿ ಎಲ್ಲರಿಗೂ ಅದು ‘ಲಾರಿ’. ಗೊಬ್ಬರ, ಮರಳು, ಜಂಬಿಟ್ಟಿಗೆ, ಕೊಯ್ಲಿನ ಹೊತ್ತಿಗೆ ಹಸಿ ಅಡಿಕೆ ಕೊನೆ, ಆಮೇಲೆ ಮಂಡಿಗೆ ಹೋಗುವ ಚೀಲ, ಎಲ್ಲಾ ಅದರ ಮೇಲೆಯೇ. 2022ರ ಸೆಪ್ಟೆಂಬರಿನಲ್ಲಿ ಅದರ ಸ್ಟಿಯರಿಂಗ್ ನಡುಗಲು ಶುರುವಾಯಿತು. ನಲವತ್ತರ ಸ್ಪೀಡಿನಲ್ಲಿ ಒಂದು ಸಣ್ಣ ಗುಂಡಿಗೆ ಇಳಿದರೂ ಸಾಕು, ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದಾಡುತ್ತಿದ್ದವು. ಗಾಡಿ ಪೂರ್ತಿ ನಿಧಾನ ಮಾಡಿದ ಮೇಲೆಯೇ ಆ ನಡುಕ ನಿಲ್ಲುತ್ತಿತ್ತು. ಎಡಗಡೆ ಟೈರು ಒಂದೇ ಬದಿ ಸವೆದು ಬಿಳಿ ನೂಲು ಕಾಣುತ್ತಿತ್ತು.

ನಾನಿರುವುದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಮ್ಮ ಊರುಗಳು ಹೊಳೆಯಾಚೆಯವೇ ಆಗಿಬಿಟ್ಟವು. ಈಗ ಸೇತುವೆ ಇದೆ, 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಆದರೆ ಆಗ ಸಾಗರಕ್ಕೆ ಹೋಗಬೇಕೆಂದರೆ ಹೊಳೆಬಾಗಿಲಿನಲ್ಲಿ ಸಾಲು ನಿಂತು ಲಾಂಚ್ ಹತ್ತಬೇಕಿತ್ತು. ಇಲ್ಲದಿದ್ದರೆ ಕೋಗಾರು, ಕಾರ್ಗಲ್ ಕಡೆಯ ಸುತ್ತು ಹಾದಿ. ಚಕ್ರ ನಡುಗುವ ಗಾಡಿಯನ್ನು ಲಾಂಚಿಗೆ ಹತ್ತಿಸಲು ನನಗೆ ಧೈರ್ಯ ಬರಲಿಲ್ಲ. ಆ ತಿರುವುಗಳಲ್ಲಿ ಓಡಿಸಲೂ ಧೈರ್ಯವಿರಲಿಲ್ಲ. ಗ್ಯಾರೇಜಿನವರನ್ನು ಮನೆಗೆ ಕರೆಸೋಣ ಎಂದರೆ, ಅವರು ಬಂದು ನೋಡಿ ಹೋಗಲು ಒಂದು ದಿನ, ಸಾಮಾನು ತರಲು ಇನ್ನೊಂದು ದಿನ. ನವೆಂಬರ್ ಬಂದರೆ ಕೊಯ್ಲು ಶುರು.

ನಮ್ಮ ಪಕ್ಕದ ಕೇರಿಯಲ್ಲಿ ಒಬ್ಬರು ಹಿರಿಯ ಮೇಸ್ತ್ರಿ ಇದ್ದಾರೆ. ಮೂವತ್ತು ವರ್ಷ ಲಾರಿ ಕೆಲಸ ಮಾಡಿ, ಈಗ ಮನೆಯಲ್ಲಿ ಕಾಳುಮೆಣಸು ನೋಡಿಕೊಂಡಿದ್ದಾರೆ. ಅವರನ್ನು ಕೇಳಿಕೊಂಡೆ.

“ಕೈಯಲ್ಲಿ ಮೊದಲಿನ ಶಕ್ತಿ ಇಲ್ಲ ತಮ್ಮಾ. ನಾನು ಹೇಳ್ತೇನೆ, ನೀನು ಮಾಡು” ಎಂದರು.

ಅವರು ಮೊದಲು ಮಾಡಿಸಿದ್ದು ಒಂದೇ ಪರೀಕ್ಷೆ. ಎಡಗಡೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿದೆವು. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಒಳಗೂ ಹೊರಗೂ ಅಲುಗಿಸಿದೆ. ಕಟಕ್, ಕಟಕ್ ಎಂದಿತು. ಆಮೇಲೆ ನನ್ನ ಹೆಂಡತಿಯನ್ನು ಕ್ಯಾಬಿನ್ನಿಗೆ ಹತ್ತಿಸಿ ಬ್ರೇಕ್ ತುಳಿದು ಹಿಡಿಯಲು ಹೇಳಿದರು. ಬ್ರೇಕ್ ಹಿಡಿದಾಗ ಡ್ರಮ್ಮೂ ಲೈನರೂ ಒಂದಾಗುತ್ತವೆ. ಆಗ ಆಟ, ಅಂದರೆ ಆ ಅಲುಗಾಟ, ನಿಂತರೆ ಹಬ್ ಬೇರಿಂಗ್ ಸಡಿಲ ಎಂದರ್ಥ. ಆಟ ಹಾಗೇ ಉಳಿದರೆ ಕಿಂಗ್ ಪಿನ್ ಹೋಗಿದೆ. ನಮ್ಮದರಲ್ಲಿ ಆಟ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಬಾಗಿಲಿಗೆ ಬಿಜಾಗರಿ ಹೇಗೋ ಮುಂದಿನ ಚಕ್ರಕ್ಕೆ ಕಿಂಗ್ ಪಿನ್ ಹಾಗೆ. ಎರಡು ಮುಂದಿನ ಚಕ್ರಗಳ ನಡುವಿನ ಅಡ್ಡ ಉಕ್ಕಿನ ತೊಲೆಯೇ ಆಕ್ಸಲ್ ಬೀಮ್. ಅದರ ತುದಿಯಲ್ಲಿ ಒಂದು ಕಣ್ಣು, ಅಂದರೆ ತೂತು, ಇರುತ್ತದೆ. ಚಕ್ರ ಹೊರುವ ಸ್ಟಬ್ ಆಕ್ಸಲ್ ಆ ಕಣ್ಣನ್ನು ಮೇಲಿಂದಲೂ ಕೆಳಗಿಂದಲೂ ಎರಡು ಬೆರಳಿನ ಹಾಗೆ ಹಿಡಿದಿರುತ್ತದೆ. ಮೂರನ್ನೂ ಪೋಣಿಸಿ ನಿಂತಿರುವುದು ಕಿಂಗ್ ಪಿನ್. ಪಿನ್ನು ಬೀಮಿನ ಕಣ್ಣಿನಲ್ಲಿ ಅಲುಗಬಾರದು. ಅದಕ್ಕೇ ಅಡ್ಡಲಾಗಿ ಒಂದು ಲಾಕ್ ಪಿನ್ ಬಡಿದಿರುತ್ತಾರೆ. ತಿರುಗಬೇಕಾದ್ದು ಸ್ಟಬ್ ಆಕ್ಸಲ್ ಮಾತ್ರ, ಮೇಲಿನ ಬುಶ್ ಮತ್ತು ಕೆಳಗಿನ ಬುಶ್ ಮೇಲೆ. ಬುಶ್ ಎಂದರೆ ಸ್ಟಬ್ ಆಕ್ಸಲ್ಲಿನ ತೂತಿನಲ್ಲಿ ಕೂರುವ ಲೋಹದ ಬಳೆ.

ಹಾಗಾಗಿ ನಾವು ಶುರು ಮಾಡಿದ್ದು ಪಿನ್ನು, ಬುಶ್ ಬದಲಿಸಲು ಮಾತ್ರ. ಆಕ್ಸಲ್ ಇಳಿಸುವ ಯೋಚನೆ ಇರಲಿಲ್ಲ.

ಜಾಗ ಅಡಿಕೆ ಅಂಗಳ. ಸಿಮೆಂಟ್ ನೆಲ, ಸಮತಟ್ಟು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತರಿಸಿ, ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದೆವು. ಜಾಕಿನಲ್ಲಿ ಎತ್ತಿ ಚಾಸಿ (ಗಾಡಿಯ ಉಕ್ಕಿನ ಚೌಕಟ್ಟು) ಕೆಳಗೆ ಏನು ಇಡುವುದು? ಅಂಗಳದ ಮೂಲೆಯಲ್ಲಿ ಜಂಬಿಟ್ಟಿಗೆ ರಾಶಿ ಇತ್ತು. ನಾನು ನಾಲ್ಕು ಕಲ್ಲು ತಂದು ಪೇರಿಸಿದೆ. ಮೇಸ್ತ್ರಿ ಏನೂ ಹೇಳದೆ ಒಂದು ಕಲ್ಲಿನ ಮೂಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಮೂಲೆ ಪುಡಿಯಾಗಿ ಉದುರಿತು.

“ಗೋಡೆಗೆ ಇದು ಒಳ್ಳೆಯ ಕಲ್ಲು. ಚಾಸಿ ಅಂಚು ಇದರ ಮೇಲೆ ಕೂತರೆ ಬಿರಿಯುತ್ತೆ. ಆಗ ನೀನು ಅದರ ಅಡಿಯಲ್ಲಿ ಇರ್ತೀಯ” ಎಂದರು.

ಆ ಮಾತು ಕೇಳಿ ನನ್ನ ಕೈ ತಣ್ಣಗಾಯಿತು. ಕಲ್ಲುಗಳನ್ನೆಲ್ಲ ವಾಪಸ್ ಇಟ್ಟೆ. ಹಳೆ ಮನೆ ಕಳಚಿದಾಗ ಉಳಿದ ಗಟ್ಟಿ ಮರದ ತೊಲೆ ಇತ್ತು. ಅದನ್ನು ಒಂದೇ ಅಳತೆಗೆ ಕೊಯ್ದು, ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಹೀಗೆ ಎರಡು ಅಟ್ಟಣಿಗೆ ಮಾಡಿದೆವು. ಸ್ಪ್ರಿಂಗಿನ ಹಿಂದಿನ ಬ್ರಾಕೆಟ್ ದಾಟಿ ಚಾಸಿಯ ಎರಡೂ ಬದಿ ಅದರ ಮೇಲೆ ಕೂರಿಸಿದೆವು. ಕೂರಿಸಿದ ಮೇಲೆ ಬಂಪರ್ ಹಿಡಿದು ಇಬ್ಬರು ಜೋರಾಗಿ ಅಲುಗಿಸಿ ನೋಡಿದೆವು. ಗಾಡಿ ಜಗ್ಗಲಿಲ್ಲ. ಆಮೇಲೆಯೇ ಒಳಗೆ ಹೋದದ್ದು. ಬರೀ ಜಾಕ್ ನಂಬಿ ಗಾಡಿಯಡಿ ತಲೆ ಹಾಕುವುದು ಬೇಡವೇ ಬೇಡ. ಜಾಕಿನ ಆಯಿಲ್ ಸೀಲ್ ಹೇಳಿ ಕೇಳಿ ಕೈಕೊಡುವುದಿಲ್ಲ.

ಚಕ್ರ ಬಿಚ್ಚಿ, ಹಬ್ಬಿನ ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ಟು ಬಿಚ್ಚಿ ಹಬ್ಬೂ ಡ್ರಮ್ಮೂ ಒಟ್ಟಿಗೆ ಹೊರಗೆ ತಂದೆವು. ಅಲ್ಲಿಯವರೆಗೆ ಎಲ್ಲಾ ಸಲೀಸು. ಎರಡು ಮುಂದಿನ ಚಕ್ರಗಳನ್ನೂ ಒಟ್ಟಿಗೆ ತಿರುಗಿಸುವ ಟೈ ರಾಡಿನ ತುದಿ (ಟೈ ರಾಡ್ ಎಂಡ್) ಬಿಡಿಸುವಾಗ ಮೇಸ್ತ್ರಿಯಿಂದ ಒಂದು ಒಳ್ಳೆಯ ಪಾಠ ಸಿಕ್ಕಿತು. ನಾನು ನಟ್ಟು ಸಡಿಲಿಸಿ ತ್ರೆಡ್ ಮೇಲೆಯೇ ಬಡಿಯಲು ಹೊರಟಿದ್ದೆ. ಅವರು ತಡೆದರು. ಅದರ ಬದಲು ಟೈ ರಾಡ್ ಎಂಡ್ ಕೂತಿರುವ ಆರ್ಮಿನ ಕಣ್ಣಿಗೆ ಎರಡು ಕಡೆಯಿಂದ ಎರಡು ಸುತ್ತಿಗೆಯಲ್ಲಿ ಒಟ್ಟಿಗೆ ಹೊಡೆಯಲು ಹೇಳಿದರು. ಒಂದು ಕಡೆ ನಾನು, ಇನ್ನೊಂದು ಕಡೆ ನನ್ನ ತಮ್ಮ. ಮೂರನೇ ಏಟಿಗೆ ಎಂಡಿನ ಪಿನ್ನು ಟಕ್ ಎಂದು ತಾನೇ ಇಳಿಯಿತು. ಪಿನ್ನು ಶಂಕುವಿನ ಆಕಾರದ ತೂತಿನಲ್ಲಿ ಬಿಗಿದು ಕೂತಿರುತ್ತದೆ. ಕಣ್ಣಿಗೆ ಅಡ್ಡ ಏಟು ಬಿದ್ದಾಗ ಅದು ಕ್ಷಣ ಬಿಡುತ್ತದೆ, ಅಷ್ಟೇ ಸಾಕು. ತ್ರೆಡ್ಡಿಗೆ ಹೊಡೆದಿದ್ದರೆ ಹೊಸ ಎಂಡ್ ತರಬೇಕಾಗುತ್ತಿತ್ತು.

ಎಡಗಡೆ ಲಾಕ್ ಪಿನ್ ಹುಡುಕಿದಾಗ ಮೇಸ್ತ್ರಿ ಸುಮ್ಮನಾದರು. ಅದು ಸಡಿಲವಾಗಿ ಕೂತಿತ್ತು. ಬೆರಳಲ್ಲೇ ಬಂತು. ಅದರ ಚಪ್ಪಟೆ ಮುಖ ಸವೆದು ಹೊಳೆಯುತ್ತಿತ್ತು. ಕಿಂಗ್ ಪಿನ್ ಹೊಡೆದು ಹೊರಗೆ ತಂದಾಗ ಕೆಳಗಿನ ಬುಶ್ ಪಿನ್ನಿಗೇ ಕಚ್ಚಿಕೊಂಡು ಬಂತು. ಒಣಗಿ, ಕಪ್ಪಾಗಿ, ತುಕ್ಕು ಹಿಡಿದು. ಗ್ರೀಸಿನ ಹನಿಯೂ ಇರಲಿಲ್ಲ.

ನನಗೆ ನಂಬಲು ಆಗಲಿಲ್ಲ. ನಾನು ತಿಂಗಳು ತಪ್ಪದೆ, ಬುಶ್ಶುಗಳಿಗೆ ಗ್ರೀಸ್ ತೂರಿಸುವ ನಾಲ್ಕೂ ನಿಪ್ಪಲ್ಲಿಗೆ ಗ್ರೀಸ್ ಹೊಡೆಯುತ್ತಿದ್ದೆ. ಎಡಗಡೆ ಕೆಳಗಿನ ನಿಪ್ಪಲ್ ಮಾತ್ರ ಯಾವಾಗಲೂ ಗಟ್ಟಿ. ಗನ್ ಒತ್ತಿದರೆ ಗ್ರೀಸ್ ನಿಪ್ಪಲ್ ಸುತ್ತಲೇ ಉಕ್ಕಿ ಬರುತ್ತಿತ್ತು. ಒಳಗೆ ತುಂಬಿದೆ, ಅದಕ್ಕೇ ಹೊರಗೆ ಬರುತ್ತಿದೆ ಎಂದುಕೊಂಡಿದ್ದೆ.

ಮೇಸ್ತ್ರಿ ಆ ಬುಶ್ಶನ್ನು ಒರೆಸಿ, ಸ್ಟಬ್ ಆಕ್ಸಲ್ಲಿನಲ್ಲಿ ಅದು ಕೂತಿದ್ದ ಗುರುತು ಹುಡುಕಿ, ಪಕ್ಕದಲ್ಲಿ ಹಿಡಿದು ತೋರಿಸಿದರು. ಬುಶ್ಶಿಗೆ ಒಂದು ತೂತು ಇರುತ್ತದೆ. ಅದು ನಿಪ್ಪಲ್ಲಿನ ತೂತಿಗೆ ಸರಿಯಾಗಿ ಎದುರು ಬರಬೇಕು. ನಮ್ಮದರಲ್ಲಿ ಅದು ಕಾಲು ಸುತ್ತು ಆಚೆ ಇತ್ತು. ಹಿಂದೆ ಒಂದು ಗ್ಯಾರೇಜಿನಲ್ಲಿ ಬುಶ್ ಹಾಕಿಸಿದ್ದೆ. ಅಲ್ಲಿ ತೂತು ನೋಡದೆ ಬಡಿದಿದ್ದರು. ಮೂರು ವರ್ಷ ನಾನು ಹೊಡೆದ ಗ್ರೀಸ್ ಬುಶ್ಶಿನ ಬೆನ್ನಿಗೆ ಬಡಿದು ವಾಪಸ್ ಬರುತ್ತಿತ್ತು.

ಆಮೇಲಿನದ್ದು ಒಂದರ ಹಿಂದೆ ಒಂದು. ಗ್ರೀಸ್ ಇಲ್ಲದೆ ಪಿನ್ನು ಬುಶ್ಶಿಗೆ ಕಚ್ಚಿಕೊಂಡಿತು. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಪಿನ್ನೂ ಜೊತೆಗೆ ತಿರುಗಲು ನೋಡಿತು. ಲಾಕ್ ಪಿನ್ ಸವೆಯಿತು. ಕೊನೆಗೆ ಪಿನ್ನು ಬೀಮಿನ ಕಣ್ಣಿನಲ್ಲೇ ತಿರುಗತೊಡಗಿತು. ಹೊಸ ಪಿನ್ ತೂರಿಸಿ ನೋಡಿದರೆ ಕಣ್ಣಿನೊಳಗೆ ಅದು ಅಲ್ಲಾಡುತ್ತಿತ್ತು. ಕಣ್ಣು ಮೊಟ್ಟೆಯ ಆಕಾರಕ್ಕೆ ಬಂದಿತ್ತು.

“ಇದಕ್ಕೆ ಹೊಸ ಪಿನ್ ಹಾಕಿದರೂ ಪ್ರಯೋಜನ ಇಲ್ಲ ತಮ್ಮಾ. ಬೀಮ್ ಇಳಿಸಬೇಕು” ಎಂದರು ಮೇಸ್ತ್ರಿ.

ಸಂಜೆ ಚಹಾ ಕುಡಿಯುತ್ತ ಇಬ್ಬರು ಮೂವರು ಸೇರಿದರು. ಕಣ್ಣಿನೊಳಗೆ ವೆಲ್ಡಿಂಗ್ ತುಂಬಿಸಿ ಉಜ್ಜಿದರೆ ಆಯಿತು, ಇಳಿಸುವುದು ಯಾಕೆ ಎಂದು ಒಬ್ಬರು ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ. ಬೀಮು ಬಡಿದು ಮಾಡಿದ ಉಕ್ಕು. ಅದಕ್ಕೆ ಅಷ್ಟು ಕಾವು ಕೊಟ್ಟರೆ ಆ ಜಾಗದಲ್ಲಿ ಗುಣ ಕೆಡುತ್ತದೆ, ಬಿರುಕು ಬಿಡುವ ಭಯ ಇದೆ. ಕಣ್ಣನ್ನು ದೊಡ್ಡದಾಗಿ ಕೊರೆಸಿ (ಬೋರ್ ಮಾಡಿಸಿ) ಒಳಗೆ ಸ್ಲೀವ್, ಅಂದರೆ ಲೋಹದ ಕೊಳವೆ, ಹಾಕಿಸುವುದೇ ಸರಿ ಎಂದರು. ನನಗೂ ಅದೇ ಸರಿ ಕಂಡಿತು. ಮುಂದಿನ ಚಕ್ರ ಹೊರುವ ಜಾಗದಲ್ಲಿ ಅರೆಬರೆ ಕೆಲಸ ಮಾಡಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಲು ಆಗುತ್ತದೆಯೇ?

ಎರಡನೇ ದಿನ ಬೀಮ್ ಇಳಿಸಿದೆವು. ಮೊದಲು ಗುರುತು ಹಾಕುವ ಕೆಲಸ. ಮೊಬೈಲಿನಲ್ಲಿ ಎಲ್ಲಾ ಕಡೆಯಿಂದ ಫೋಟೊ ತೆಗೆದೆ. ಬೀಮಿನ ಮುಂದಿನ ಮುಖಕ್ಕೆ ಸೆಂಟರ್ ಪಂಚಿನಿಂದ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಹೊಡೆದೆ. ಪ್ಲೇಟ್ ಸೆಟ್ಟಿಗೂ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬೀಮಿಗೂ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿರುವ ಬಿಲ್ಲೆ ಇತ್ತು. ಅದಕ್ಕೆ ಮಾತ್ರ ಪಂಚ್ ಹೊಡೆಯದೆ ಬಿಳಿ ಪೇಂಟಿನಲ್ಲಿ ಬಾಣ ಬರೆದೆ. ಈ ಬಾಣದ ವಿಷಯ ಮುಂದೆ ಬರುತ್ತದೆ.

ಬಲಗಡೆ ಸ್ಟಿಯರಿಂಗಿನಿಂದ ಬರುವ ಡ್ರ್ಯಾಗ್ ಲಿಂಕ್ ಬಿಡಿಸಿದೆವು. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿದೆವು. ಬ್ರೇಕಿನ ರಬ್ಬರ್ ಹೋಸ್ ಬಿಚ್ಚಿದ ಕೂಡಲೇ ಲೋಹದ ಪೈಪಿನ ತುದಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದೆವು. ಕಸ ಹೋಗಬಾರದು, ಬ್ರೇಕ್ ಆಯಿಲ್ ಪೇಂಟಿನ ಮೇಲೆ ಸುರಿಯಬಾರದು. ಅದು ಪೇಂಟನ್ನು ಎಬ್ಬಿಸಿಬಿಡುತ್ತದೆ. ಹೋಸುಗಳು ಮಡಿಚಿದಲ್ಲಿ ಬಿರಿದಿದ್ದವು. ಹೊಸದಕ್ಕೆ ಬರೆದುಕೊಂಡೆ.

ಬೀಮನ್ನು ಪ್ಲೇಟ್ ಸೆಟ್ಟಿಗೆ ಬಿಗಿದಿರುವ ಯು ಬೋಲ್ಟ್ ಬಿಚ್ಚಲು ಅರ್ಧ ದಿನ ಬೇಕಾಯಿತು. ಹಿಂದಿನ ರಾತ್ರಿಯೇ ಡೀಸೆಲ್ ಸುರಿದು ಬಿಟ್ಟಿದ್ದೆವು. ಸ್ಪ್ಯಾನರಿಗೆ ನಾಲ್ಕು ಅಡಿ ಪೈಪ್ ಸಿಕ್ಕಿಸಿ ತಿರುಗಿಸಿದೆವು. ಏಳು ನಟ್ಟು ಬಂದವು. ಎಂಟನೆಯದರಲ್ಲಿ ಬೋಲ್ಟೇ ತುಂಡಾಯಿತು. ಹೇಗೂ ಹಳೆಯ ಯು ಬೋಲ್ಟ್ ಮತ್ತೆ ಹಾಕುವಂತಿರಲಿಲ್ಲ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ನಟ್ಟು ಬಿಚ್ಚುವ ಮೊದಲು ಚಾಸಿಯನ್ನು ಇನ್ನಷ್ಟು ಎತ್ತಿ ಪ್ಲೇಟ್ ಸೆಟ್ಟುಗಳು ಭಾರವಿಲ್ಲದೆ ನೇತಾಡುವ ಹಾಗೆ ಮಾಡಿದ್ದೆವು. ಬೀಮಿನ ನಡುವಿಗೆ ಜಾಕ್ ಕೊಟ್ಟು, ಬೀಮಿನ ಭಾರ ಮಾತ್ರ ಅದರ ಮೇಲೆ ಬರುವಷ್ಟು ಎತ್ತಿದ್ದೆವು. ಪ್ಲೇಟುಗಳು ಭಾರ ಹೊತ್ತು ಬಿಗಿದಿರುವಾಗ ಯು ಬೋಲ್ಟ್ ಬಿಚ್ಚಿದರೆ ಅವು ಒಮ್ಮೆಗೇ ಚಿಮ್ಮುತ್ತವೆ. ಎಡಕ್ಕೊಬ್ಬರು, ಬಲಕ್ಕೊಬ್ಬರು ಬೀಮ್ ಹಿಡಿದು, ನಾನು ಜಾಕನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಪ್ಲೇಟ್ ಸೆಟ್ಟಿನ ಸೆಂಟರ್ ಬೋಲ್ಟಿನ ತಲೆ ಬೀಮಿನ ಗುಳಿಯಿಂದ ಮೇಲೆ ಬಂದದ್ದು ಕಣ್ಣಿಗೇ ಕಂಡಿತು. ಕೆಳಗೆ ಎರಡು ಅಡಿಕೆ ದಬ್ಬೆ ಹಾಸಿಟ್ಟಿದ್ದೆವು. ದಬ್ಬೆಯ ನುಣುಪಿನ ಮೇಲೆ ಬೀಮ್ ಸರ್ರನೆ ಜಾರಿ ಗಾಡಿಯ ಮುಂದೆ ಬಂತು. ಮಧ್ಯಾಹ್ನ ಮೂರೂವರೆ. ಎಲ್ಲರೂ ಅಲ್ಲೇ ಕೂತು ಮಜ್ಜಿಗೆ ಕುಡಿದೆವು.

ಬಲಗಡೆ ಕಿಂಗ್ ಪಿನ್ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಸಮ್ಮಟಿಗೆಯಲ್ಲಿ ಹೊಡೆದರೆ ಪಿನ್ನಿನ ತಲೆ ಅಗಲವಾಗಿ ಇನ್ನೂ ಕೆಡುತ್ತದೆ. ಅದನ್ನು ಹಾಗೇ ಬಿಟ್ಟೆವು.

ಮರುದಿನ ಬೆಳಗಿನ ಲಾಂಚಿಗೆ ಬೀಮನ್ನು ಲಗೇಜ್ ಆಟೊದಲ್ಲಿ ಹಾಕಿಕೊಂಡು ಹೊರಟೆ. ಸಿಗಂದೂರಿಗೆ ಬಂದು ವಾಪಸ್ ಹೋಗುವ ಯಾತ್ರಿಕರು ಅದನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಸಾಗರದ ಲೇಥಿನವರು, ಇಷ್ಟು ಉದ್ದದ ಬೀಮ್ ಕೂರುವ ಬೋರಿಂಗ್ ಮಷೀನ್ ಇಲ್ಲಿಲ್ಲ, ಶಿವಮೊಗ್ಗಕ್ಕೇ ಹೋಗಬೇಕು ಎಂದರು. ಇನ್ನೂ ಎಪ್ಪತ್ತು ಕಿಲೋಮೀಟರ್. ಹೋದೆ. ಅಲ್ಲಿ ಬಲಗಡೆ ಪಿನ್ನನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿದರು. ಗುಂಡು ಹೊಡೆದ ಹಾಗೆ ಸದ್ದಾಗಿ ಹೊರಬಂತು.

ಅಲ್ಲಿನ ಟರ್ನರ್ ಕೆಲಸವನ್ನು ನಾನು ಪೂರ್ತಿ ನಿಂತು ನೋಡಿದೆ. ಬೀಮಿನ ಕಣ್ಣು ನೆಟ್ಟಗೆ ಇರುವುದಿಲ್ಲ. ಮುಂದಿನಿಂದ ನೋಡಿದರೆ ಮೇಲ್ಭಾಗ ಗಾಡಿಯ ಒಳಗಡೆಗೆ ಸ್ವಲ್ಪ ವಾಲಿರುತ್ತದೆ. ಹೊಸ ತೂತು ಅದೇ ವಾಲಿಕೆಯಲ್ಲಿ ಬರಬೇಕು. ಅವರು ಬೀಮನ್ನು ಮಷೀನಿಗೆ ಕೂರಿಸಿ ಅಳತೆ ನೋಡುವುದಕ್ಕೇ ಒಂದೂವರೆ ಗಂಟೆ ತೆಗೆದುಕೊಂಡರು. ಕೊರೆದದ್ದು ಇಪ್ಪತ್ತು ನಿಮಿಷ ಅಷ್ಟೇ. ಸ್ಲೀವ್ ಒತ್ತಿ ಕೂರಿಸಿ, ಪಿನ್ನಿನ ಅಳತೆಗೆ ಮತ್ತೆ ಕೊರೆದು, ಲಾಕ್ ಪಿನ್ನಿಗೆ ದಾರಿ ಮಾಡಿದರು. ಸ್ಟಬ್ ಆಕ್ಸಲ್ಲುಗಳಿಗೆ ಹೊಸ ಬುಶ್ ಹಾಕುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನಾಲ್ಕು ಬುಶ್ಶಿಗೂ ತೂತಿಗೆ ತೂತು ಸರಿ ಬಂದಿದೆಯೇ ಎಂದು ತಂತಿ ತೂರಿಸಿ ನೋಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೇಲಿನ ಬುಶ್ಶನ್ನೂ ಕೆಳಗಿನದನ್ನೂ ಒಂದೇ ಉದ್ದ ರೀಮರಿನಲ್ಲಿ ಒಟ್ಟಿಗೆ ಸವರಿದರು. ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಇಳಿಯುವಷ್ಟು ಬಂದಾಗ ನಿಲ್ಲಿಸಿದರು. ಕಿಂಗ್ ಪಿನ್ ಕಿಟ್, ಯು ಬೋಲ್ಟ್, ಹೋಸ್, ಮಷೀನ್ ಕೆಲಸ, ಆಟೊ ಬಾಡಿಗೆ ಎಲ್ಲಾ ಸೇರಿ ನನಗೆ 14,000 ರೂಪಾಯಿ ಹತ್ತಿರ ಬಂತು.

ಊರಿಗೆ ಬಂದು ಬೀಮನ್ನು ಡೀಸೆಲ್ಲಿನಲ್ಲಿ ಚೆನ್ನಾಗಿ ತೊಳೆದೆ. ಬಿಲ್ಲೆಗಳನ್ನೂ ತೊಳೆದೆ. ಬಿಳಿ ಬಾಣ ಡೀಸೆಲ್ಲಿನ ಜೊತೆ ಹೋಯಿತು.

ಜೋಡಿಸುವುದು ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಭಾರ ಹೊರುವ ಥ್ರಸ್ಟ್ ಬೇರಿಂಗ್ ಬೀಮಿನ ಕಣ್ಣಿನ ಕೆಳಗೆ ಬರುತ್ತದೆ. ಅದರ ಮುಚ್ಚಿದ ಮುಖ ಮೇಲಕ್ಕೆ ಇರಬೇಕು, ಇಲ್ಲದಿದ್ದರೆ ಮಣ್ಣು ಒಳಗಿಳಿಯುತ್ತದೆ. ಕಣ್ಣಿನ ಮೇಲೆ ತೆಳು ಶಿಮ್ ಹಾಕಿ ಮೇಲೆ ಕೆಳಗೆ ಆಟ ಇಲ್ಲದಂತೆ ಮಾಡಿದೆವು, ಆದರೂ ಕೈಯಲ್ಲಿ ತಿರುಗಬೇಕು. ಲಾಕ್ ಪಿನ್ ಬಡಿದು ನಟ್ಟು ಬಿಗಿದೆವು. ಬೀಮ್ ಎತ್ತಿ ಸೆಂಟರ್ ಬೋಲ್ಟಿನ ತಲೆ ಗುಳಿಯಲ್ಲಿ ಕೂತ ಮೇಲೆ ಯು ಬೋಲ್ಟುಗಳನ್ನು ಓರೆ ಕೋರೆಯಾಗಿ, ಒಂದು ಈ ಮೂಲೆ ಒಂದು ಆ ಮೂಲೆ, ಸ್ವಲ್ಪ ಸ್ವಲ್ಪವೇ ಬಿಗಿದೆವು. ಕೊನೆಯ ಬಿಗಿತ ಗಾಡಿ ನೆಲಕ್ಕೆ ಇಳಿದ ಮೇಲೆ.

ಬ್ರೇಕಿನ ಏರ್ ತೆಗೆಯುವಾಗ ಮತ್ತೆ ನನ್ನ ಹೆಂಡತಿ ಕ್ಯಾಬಿನ್ನಿನಲ್ಲಿ. “ತುಳಿ, ಹಿಡ್ಕೋ, ಬಿಡು” ಎಂದು ನಾನು ಕೆಳಗಿಂದ ಕೂಗುವುದು. ದೂರದ ಹಿಂದಿನ ಚಕ್ರದಿಂದ ಶುರು ಮಾಡಿ ಹತ್ತಿರದ ಮುಂದಿನ ಚಕ್ರಕ್ಕೆ ಬಂದೆವು. ಅವಳ ಕಾಲು ಸೋತಿತ್ತು, ಆದರೂ ಪೆಡಲ್ ಕಲ್ಲಿನ ಹಾಗೆ ನಿಲ್ಲುವವರೆಗೆ ಇಳಿಯಲಿಲ್ಲ.

ಟೋ ಇನ್, ಅಂದರೆ ಮುಂದಿನ ಚಕ್ರಗಳು ಮುಂದುಗಡೆ ಸ್ವಲ್ಪ ಒಳಕ್ಕೆ ತಿರುಗಿರುವುದು, ನೋಡಿದ್ದು ನೂಲು, ಕೋಲಿನಲ್ಲಿ. ಚಕ್ರ ಎತ್ತಿ ತಿರುಗಿಸುತ್ತ ಎರಡೂ ಟೈರಿನ ನಡುಮಧ್ಯಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗಾಡಿ ಇಳಿಸಿ, ಹಬ್ಬಿನ ಎತ್ತರದಲ್ಲಿ ಮುಂದೆಯೂ ಹಿಂದೆಯೂ ಅಳೆದೆವು. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರ್ ಕಡಿಮೆ ಬರುವ ಹಾಗೆ ಟೈ ರಾಡ್ ತಿರುಗಿಸಿದೆವು. ಅದರ ಒಂದು ತುದಿ ಬಲ ತ್ರೆಡ್, ಇನ್ನೊಂದು ಎಡ ತ್ರೆಡ್. ಹಾಗಾಗಿ ರಾಡ್ ಒಂದನ್ನೇ ತಿರುಗಿಸಿದರೆ ಸಾಕು.

ಮೊದಲ ಓಟಕ್ಕೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಡುಕ ಇರಲಿಲ್ಲ. ಆದರೆ ಮೊದಲ ತಿರುವಿನಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ತಿರುಗಿಸಿದ ಸ್ಟಿಯರಿಂಗ್ ತಾನಾಗಿ ವಾಪಸ್ ಬರಲಿಲ್ಲ. ನಾನೇ ಎಳೆದು ನೇರ ಮಾಡಬೇಕಾಯಿತು. ನೇರ ರಸ್ತೆಯಲ್ಲಿ ಗಾಡಿ ಆಚೆ ಈಚೆ ಹುಡುಕಾಡುತ್ತಿತ್ತು.

“ಬಿಲ್ಲೆ ಯಾವ ಕಡೆಗೆ ಹಾಕಿದೆ?” ಎಂದರು ಮೇಸ್ತ್ರಿ.

ನಾನು ಫೋನ್ ತೆಗೆದು ಹಳೆಯ ಫೋಟೊ ನೋಡಿದೆ. ದಪ್ಪ ಬದಿ ಹಿಂದಕ್ಕೆ ಇತ್ತು. ನಾನು ಎರಡನ್ನೂ ಮುಂದಕ್ಕೆ ಹಾಕಿದ್ದೆ. ದಪ್ಪ ಬದಿ ಹಿಂದೆ ಇದ್ದಾಗ ಬೀಮ್ ಸ್ವಲ್ಪ ಹೊರಳಿ, ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ವಾ, ಹಾಗೆ. ಆ ವಾಲಿಕೆಯೇ ಚಕ್ರವನ್ನು ನೇರಕ್ಕೆ ಎಳೆಯುವುದು. ಉಲ್ಟಾ ಹಾಕಿದಾಗ ಆ ಎಳೆತ ಹೋಗಿತ್ತು.

ಮತ್ತೆ ಅಟ್ಟಣಿಗೆ, ಮತ್ತೆ ಜಾಕ್, ಮತ್ತೆ ಎಂಟು ನಟ್ಟು. ಈ ಸಲ ಮೂರು ಗಂಟೆಯಲ್ಲಿ ಮುಗಿಯಿತು. ಬಿಲ್ಲೆ ತಿರುಗಿಸಿ ಹಾಕುವ ಮೊದಲು ಅದರ ಹಿಂದಿನ ಅಂಚಿಗೆ ಸೆಂಟರ್ ಪಂಚಿನಲ್ಲಿ ಒಂದು ಚುಕ್ಕೆ ಹೊಡೆದೆ. ಸಂಜೆ ಮತ್ತೆ ಅದೇ ತಿರುವಿಗೆ ಹೋದೆವು. ಸ್ಟಿಯರಿಂಗನ್ನು ಸ್ವಲ್ಪ ಸಡಿಲ ಬಿಟ್ಟೆ. ಅಂಗೈಯೊಳಗೆ ಜಾರುತ್ತ ತಾನಾಗಿ ನೇರ ಬಂತು. ಮೇಸ್ತ್ರಿ ಏನೂ ಹೇಳಲಿಲ್ಲ. ಎಲೆ ಅಡಿಕೆ ಚೀಲ ಬಿಚ್ಚಿದರು.

ಹೊಸ ಯು ಬೋಲ್ಟ್ ಒಂದಿಷ್ಟು ಓಡಿದ ಮೇಲೆ ಕೂರುತ್ತದೆ, ಮತ್ತೆ ಬಿಗಿಯಬೇಕು ಎಂದು ಅವರು ಹೇಳಿದ್ದರು. ಇನ್ನೂರು ಕಿಲೋಮೀಟರ್ ಆದಾಗ ನಾನು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದೆ. ಮುಂದೆ ಹನ್ನೆರಡು ಗಾಡಿ ಇತ್ತು. ಸುಮ್ನೆ ಕೂರುವ ಬದಲು ಸ್ಪ್ಯಾನರ್ ತೆಗೆದೆ. ಎಂಟು ನಟ್ಟಿನಲ್ಲಿ ಆರು ಕಾಲು ಸುತ್ತು ಬಿಗಿಯಾದವು. ಗ್ರೀಸ್ ಗನ್ನೂ ಸೀಟಿನ ಹಿಂದೆಯೇ ಇತ್ತು. ಎಡಗಡೆ ಕೆಳಗಿನ ನಿಪ್ಪಲ್ಲಿಗೆ ಸಿಕ್ಕಿಸಿ ಒತ್ತಿದೆ. ನಾಲ್ಕನೇ ಒತ್ತಿಗೆ ಬುಶ್ಶಿನ ಅಂಚಿನಿಂದ ಹೊಸ ಗ್ರೀಸ್ ಸುತ್ತಲೂ ಉಂಗುರದ ಹಾಗೆ ಹೊರಗೆ ಬಂತು. ಅಷ್ಟರಲ್ಲಿ ಮುಂದಿನ ಗಾಡಿ ಕದಲಿತು. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಸ್ಟಾರ್ಟ್ ಮಾಡಿದೆ.